ಯಂತ್ರ ನಿಂತಾಗ ಯಾರ ಮಾತು ಪ್ರಮಾಣ?

ಕೆಲಸದ ನಡುವೆ ಯಂತ್ರ ನಿಂತುಬಿಟ್ಟಾಗ ಅದರ ಮುಂದೆ ಕೂತವರ ಬಾಯಿಂದ ಮೊದಲು ಬರುವ ಮಾತು ಒಂದೇ: "ನಾ ಏನೂ ಮಾಡಿಲ್ರೀ." ಈ ಮಾತನ್ನು ಕೇಳಿಸಿಕೊಂಡವನ ಕರ್ತವ್ಯವೇನು? ನಂಬಿ ಮುಂದೆ ಹೋಗಬೇಕೋ, ಸಾಬೀತಾಗುವ ತನಕ ಬದಿಗಿಡಬೇಕೋ? ರಾಯಚೂರು ನಗರದಲ್ಲಿದ್ದುಕೊಂಡು ದೇವದುರ್ಗ, ಮಾನ್ವಿ ಕಡೆಯ ಅಕ್ಕಿ ಗಿರಣಿ, ಅಡತಿ ಅಂಗಡಿ, ಸಹಕಾರಿ ಸಂಘಗಳ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವ ನನಗೆ ಈ ಪ್ರಶ್ನೆ ಹೊಟ್ಟೆಪಾಡಿನ ಜೊತೆಗೇ ಬಂದದ್ದು. ಆದರೆ ಇದಕ್ಕೆ ಉತ್ತರ ಹುಡುಕಲು ನಾನು ಹೋಗುವುದು ಸೋದರಮಾವ ಮಾನ್ವಿಯ ಮನೆಯಲ್ಲಿ ಪಾಠ ಹೇಳಿದ ಪುಸ್ತಕಕ್ಕೆ. ಅದು ಜಯತೀರ್ಥರ 'ಪ್ರಮಾಣಪದ್ಧತಿ', 14ನೇ ಶತಮಾನದ್ದು. ಯಾವುದನ್ನು ನಿಜವೆಂದು ತಿಳಿಯಬೇಕು, ಯಾಕೆ ತಿಳಿಯಬೇಕು ಎಂಬುದನ್ನು ಪ್ರತ್ಯಕ್ಷ (ಕಂಡದ್ದು), ಅನುಮಾನ (ತರ್ಕದಿಂದ ತಿಳಿದದ್ದು), ಆಗಮ (ಮಾತಿನಿಂದ ತಿಳಿದದ್ದು) ಎಂಬ ಮೂರು ಭಾಗ ಮಾಡಿ ಕಲಿಸುವ ಸಣ್ಣ ಗ್ರಂಥ. ದೇವರನ್ನು ತಿಳಿಯಲು ಹೊರಟವನು ಮೊದಲು ತಿಳಿವಳಿಕೆಯ ನಿಯಮ ತಿಳಿಯಬೇಕು ಎಂದು ಜಯತೀರ್ಥರು ಸೇರಿದ ಮಧ್ವರ ದ್ವೈತ ಪರಂಪರೆ ನಂಬಿದೆ. ಅದೇ ನಿಯಮ ಮನುಷ್ಯರ ನಡುವಿನ ನ್ಯಾಯಕ್ಕೂ ಬೇಕು ಎಂಬುದು ನನ್ನ ನಂಬಿಕೆ.

ಕೆಲವು ವರ್ಷಗಳ ಹಿಂದೆ, ಮಾರ್ಚ್ ಕೊನೆಯ ವಾರದಲ್ಲಿ, ದೇವದುರ್ಗದ ಹತ್ತಿ ಖರೀದಿಯ ಕಚೇರಿಯೊಂದರಿಂದ ಫೋನ್ ಬಂತು. ರೈತರಿಗೆ ಪಾವತಿ ಮಾಡಿದ ಹಣದ ವರ್ಷದ ವರದಿಯನ್ನು ಪಿಡಿಎಫ್ ಮಾಡಿ ಆಡಿಟರಿಗೆ ಕಳಿಸಬೇಕಿತ್ತು. ಪರದೆಯ ಮೇಲೆ ಪಟ್ಟಿ ಪೂರ್ತಿ ಬರುತ್ತಿತ್ತು. ಕಡತಕ್ಕೆ ಇಳಿಸುವ ಬಟನ್ ಒತ್ತಿದ ಕೂಡಲೇ ತಂತ್ರಾಂಶವೇ ಮುಚ್ಚಿಹೋಗುತ್ತಿತ್ತು. ನಾನು ಗಬ್ಬೂರು ದಾಟಿ ದೇವದುರ್ಗ ಮುಟ್ಟುವಷ್ಟರಲ್ಲಿ ಅಲ್ಲಿ ತೀರ್ಪು ಆಗಿಹೋಗಿತ್ತು.

"ಅದೇ ಕಂಪ್ಯೂಟರ್ ನೋಡ್ರಿ," ಎಂದರು ಮ್ಯಾನೇಜರ್. "ನನ್ನ ಲಾಗಿನ್‌ನ್ಯಾಗ ವರದಿ ಬರ್ತದ. ಈಕಿ ಲಾಗಿನ್‌ನ್ಯಾಗ ಬರಂಗಿಲ್ಲ. ಈಕಿನೇ ಏನೋ ಮಾಡ್ಯಾಳ."

ಆಪರೇಟರ್ ಹುಡುಗಿ ಎದ್ದು ನಿಂತಿದ್ದಳು. "ಅಣ್ಣಾ, ನಾ ಏನೂ ಮಾಡಿಲ್ರೀ. ದಿನಾ ಒತ್ತೋ ಬಟನ್ನೇ ಒತ್ತೀನಿ."

ಪಕ್ಕದ ಟೇಬಲ್ಲಿನಿಂದ ಇನ್ನೊಂದು ದನಿ ಬಂತು: ಪಾವತಿಯೊಳಗೆ ಏನಾದರೂ ಹೆಚ್ಚುಕಮ್ಮಿ ಆಗಿರಬೇಕು, ವರದಿ ಹೊರಗೆ ಬರಬಾರದೆಂದೇ ಹೀಗೆ ಮಾಡಿದ್ದಾಳೆ. ಕಡತವೊಂದು ಹುಟ್ಟಲಿಲ್ಲ ಎಂಬಲ್ಲಿಂದ ಹಣ ಕದ್ದಳು ಎಂಬಲ್ಲಿಗೆ ಹೋಗಲು ಆ ಕೋಣೆಗೆ ಅರ್ಧ ದಿನವೂ ಬೇಕಾಗಿರಲಿಲ್ಲ.

ಮ್ಯಾನೇಜರ್ ಹೇಳಿದ್ದು ತರ್ಕವೇ. ಒಂದಿದ್ದಾಗ ಇನ್ನೊಂದು ಇರುತ್ತದೆ, ಒಂದಿಲ್ಲದಾಗ ಇನ್ನೊಂದು ಇರುವುದಿಲ್ಲ. ಆದ್ದರಿಂದ ಮೊದಲನೆಯದು ಎರಡನೆಯದರ ಕಾರಣ. ನಮ್ಮ ಶಾಸ್ತ್ರಗಳು ಇದನ್ನು ಅನ್ವಯ-ವ್ಯತಿರೇಕ ಎನ್ನುತ್ತವೆ. ಹುಡುಗಿಯ ಲಾಗಿನ್ ಇದ್ದಾಗ ತೊಂದರೆ ಇದೆ, ಇಲ್ಲದಾಗ ಇಲ್ಲ. ಹಾಗಾಗಿ ತೊಂದರೆಗೆ ಕಾರಣ ಅವಳು. ನೋಡಲು ಬಿಗಿಯಾದ ವಾದ. ಆದರೆ ನ್ಯಾಯದರ್ಶನದವರಾದ ನೈಯಾಯಿಕರು ಶತಮಾನಗಳಿಂದ ಇದೇ ಜಾಗದಲ್ಲಿ ಎಚ್ಚರ ಹೇಳುತ್ತ ಬಂದಿದ್ದಾರೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಹೊಗೆ ಏಳಲು ಬೆಂಕಿಯ ಜೊತೆಗೆ ಹಸಿ ಸೌದೆ ಸೇರಬೇಕು. ಕಣ್ಣಿಗೆ ಬೀಳದೆ ನಡುವೆ ಕೂತಿರುವ ಆ ಹಸಿ ಸೌದೆಗೆ ಅವರು ಇಟ್ಟ ಹೆಸರು ಉಪಾಧಿ. ಉಪಾಧಿಯನ್ನು ಹುಡುಕದೆ ಮಾಡಿದ ಅನುಮಾನ ಅನುಮಾನವೇ ಅಲ್ಲ, ಅದರ ವೇಷ ಹಾಕಿದ ಊಹೆ. ಅವಳ ಹೆಸರಿಗೂ ಆ ತೊಂದರೆಗೂ ನಡುವೆ ಯಾವ ಹಸಿ ಸೌದೆ ಇದೆ ಎಂಬುದೇ ನಾನು ಹುಡುಕಬೇಕಾಗಿದ್ದದ್ದು.

ಕಡತಕ್ಕೆ ವರದಿ ಇಳಿಸುವಾಗ ತಂತ್ರಾಂಶ ಬೀಳಲು ಕಾರಣಗಳು ಹಲವು. ಅದೇ ಹೆಸರಿನ ಹಳೆಯ ಪಿಡಿಎಫ್ ಇನ್ನೊಂದು ಕಿಟಕಿಯಲ್ಲಿ ತೆರೆದಿದ್ದರೆ ಅದರ ಮೇಲೆ ಬರೆಯಲಾಗುವುದಿಲ್ಲ. ಕಡತದ ಹೆಸರಿನಲ್ಲಿ 31/03 ಎಂದು ಓರೆಗೆರೆ ಸೇರಿದರೆ ವಿಂಡೋಸ್ ಆ ಹೆಸರನ್ನು ಒಪ್ಪುವುದಿಲ್ಲ. ಆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇಲ್ಲದಿರಬಹುದು. ಸಿ ಡ್ರೈವ್ ತುಂಬಿ, ತಾತ್ಕಾಲಿಕ ಕಡತಕ್ಕೆ ಜಾಗ ಉಳಿಯದಿರಬಹುದು. ವರದಿಯಲ್ಲಿ ಬಳಸಿದ ಕನ್ನಡ ಫಾಂಟ್ ಆ ಕಂಪ್ಯೂಟರಿನಲ್ಲಿ ಇಲ್ಲದಿರಬಹುದು. ಸಾವಿರ ಸಾಲುಗಳ ನಡುವೆ ಒಂದೇ ಒಂದು ಸಾಲಿನಲ್ಲಿ ತೂಕ ಸೊನ್ನೆಯಾಗಿದ್ದು, ಸೊನ್ನೆಯಿಂದ ಭಾಗಿಸುವ ಲೆಕ್ಕ ಬಂದಿರಬಹುದು. ಎಲ್ಲದರ ಫಲ ಹೊರಗಿನಿಂದ ಒಂದೇ: ತಂತ್ರಾಂಶ ಮುಚ್ಚಿಹೋಗುತ್ತದೆ.

ಒಂದೇ ಕಾರ್ಯಕ್ಕೆ ಹಲವು ಕಾರಣ ಹೇಗೆ ಸಾಧ್ಯ ಎಂಬುದು ಹಳೆಯ ಚರ್ಚೆ. ಹುಲ್ಲಿನಿಂದಲೂ ಬೆಂಕಿ ಹುಟ್ಟುತ್ತದೆ, ಅರಣಿ ಕಡೆದರೂ ಹುಟ್ಟುತ್ತದೆ, ಸೂರ್ಯಕಾಂತ ಮಣಿಯಿಂದಲೂ ಹುಟ್ಟುತ್ತದೆ. ಹಾಗಿದ್ದರೆ ಬೆಂಕಿಯ ಕಾರಣ ಯಾವುದು? ಇದಕ್ಕೆ ತೃಣ-ಅರಣಿ-ಮಣಿ ನ್ಯಾಯ ಎಂದೇ ಹೆಸರಿದೆ. ಅದಕ್ಕೆ ಕೊಟ್ಟ ಒಂದು ಉತ್ತರ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಮೂರೂ ಬೆಂಕಿ ಒಂದೇ ಜಾತಿಯವು ಎಂದುಕೊಳ್ಳಬೇಡ, ಹತ್ತಿರದಿಂದ ನೋಡು, ಪ್ರತಿಯೊಂದಕ್ಕೂ ತನ್ನದೇ ಗುರುತು ಇರುತ್ತದೆ. ತಂತ್ರಾಂಶ ಬಿದ್ದಾಗಲೂ ಹಾಗೆಯೇ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ, ಯಾವ ಹೊತ್ತಿನಲ್ಲಿ ಯಾವ ತಂತ್ರಾಂಶ ಬಿತ್ತು, ಬೀಳುವಾಗ ಅದರ ಯಾವ ಭಾಗ ಕೆಲಸ ಮಾಡುತ್ತಿತ್ತು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ದೇವದುರ್ಗದಲ್ಲಿ ಅದು ತೋರಿಸಿದ್ದು ಪ್ರಿಂಟರಿಗೆ ಸಂಬಂಧಿಸಿದ ಭಾಗವನ್ನು. ಆ ಹುಡುಗಿ ಪ್ರಿಂಟ್ ಕೊಟ್ಟೇ ಇರಲಿಲ್ಲ. ಕಡತಕ್ಕೆ ಇಳಿಸುತ್ತಿದ್ದಳು. ಕಾಗದದ ಮಾತೇ ಇಲ್ಲದ ಕಡೆ ಪ್ರಿಂಟರ್ ಯಾಕೆ ಬಂತು?

ಅಲ್ಲಿ ಕಾರಣದ ಎಳೆ ಸಿಕ್ಕಿತು. ಹಳೆಯ ಮಾದರಿಯ ಎಷ್ಟೋ ವರದಿ ತಂತ್ರಾಂಶಗಳು ಕಾಗದದ ಮೇಲೆ ಒಂದಕ್ಷರವನ್ನೂ ಅಚ್ಚು ಮಾಡದಿದ್ದಾಗಲೂ ಡಿಫಾಲ್ಟ್ ಪ್ರಿಂಟರಿನ ಡ್ರೈವರನ್ನು ವಿಚಾರಿಸುತ್ತವೆ. ಹಾಳೆಯ ಅಗಲ ಎಷ್ಟು, ಅಂಚು ಎಷ್ಟು ಬಿಡಬೇಕು, ಈ ಅಕ್ಷರ ಎಷ್ಟು ಜಾಗ ಹಿಡಿಯುತ್ತದೆ ಎಂದು ಗೊತ್ತಾದ ಮೇಲೆಯೇ ಪುಟ ಎಲ್ಲಿ ಮುಗಿಯಬೇಕು ಎಂದು ಅವು ನಿರ್ಧರಿಸುವುದು. ಪರದೆಯ ಪಟ್ಟಿಗೆ ಪುಟಗಳಿಲ್ಲ, ಹಾಗಾಗಿ ಅದು ಬರುತ್ತಿತ್ತು. ಪಿಡಿಎಫ್‌ಗೆ ಪುಟ ಬೇಕು. ಆ ಹುಡುಗಿಯ ಲಾಗಿನ್ನಿನಲ್ಲಿ ಡಿಫಾಲ್ಟ್ ಆಗಿದ್ದದ್ದು ಪಕ್ಕದ ಕೋಣೆಯ ಕಂಪ್ಯೂಟರಿಗೆ ಜೋಡಿಸಿದ್ದ ಹಂಚಿಕೆಯ ಪ್ರಿಂಟರ್. ತೂಕದ ಚೀಟಿಗಳನ್ನು ಅವಳು ಅಲ್ಲೇ ತೆಗೆಯುತ್ತಿದ್ದಳು. ಆ ಕಂಪ್ಯೂಟರನ್ನು ಹಿಂದಿನ ವಾರ ಯಾರೋ ತೆಗೆದು ಬೇರೆಡೆಗೆ ಸಾಗಿಸಿದ್ದರು. ಪ್ರಿಂಟರಿನ ಹೆಸರು ಪಟ್ಟಿಯಲ್ಲಿ ಉಳಿದಿತ್ತು, ಪ್ರಿಂಟರ್ ಉಳಿದಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಏನು ಮಾಡಬೇಕೆಂದು ಆ ತಂತ್ರಾಂಶಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಬಿತ್ತು.

ಮ್ಯಾನೇಜರ್ ಲಾಗಿನ್ನಿನಲ್ಲಿ ವರದಿ ಬಂದದ್ದೂ ಇದೇ ಕಾರಣಕ್ಕೆ. ವಿಂಡೋಸ್‌ನಲ್ಲಿ ಡಿಫಾಲ್ಟ್ ಪ್ರಿಂಟರ್ ಪ್ರತಿ ಲಾಗಿನ್ನಿಗೂ ಬೇರೆ ಬೇರೆ ಇರುತ್ತದೆ. ಸಾಲದ್ದಕ್ಕೆ ವಿಂಡೋಸ್ 10ರಲ್ಲಿ, ಕೊನೆಗೆ ಬಳಸಿದ ಪ್ರಿಂಟರನ್ನೇ ತಾನಾಗಿ ಡಿಫಾಲ್ಟ್ ಮಾಡಿಕೊಳ್ಳುವ ಏರ್ಪಾಡೂ ಇದೆ. ಯಾರೂ ಏನನ್ನೂ ಬದಲಿಸದೆ ಅದು ಬದಲಾಗುತ್ತದೆ. ನಾನು ಅವಳ ಲಾಗಿನ್ನಿನಲ್ಲಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅನ್ನು ಡಿಫಾಲ್ಟ್ ಮಾಡಿದೆ, ವರದಿ ಬಂತು. ಹಳೆಯ ಪ್ರಿಂಟರನ್ನೇ ಮತ್ತೆ ಡಿಫಾಲ್ಟ್ ಮಾಡಿದೆ, ತಂತ್ರಾಂಶ ಬಿತ್ತು. ಮ್ಯಾನೇಜರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಲಾಗಿನ್ನಿನಲ್ಲೂ ಆ ಇಲ್ಲದ ಪ್ರಿಂಟರನ್ನು ಡಿಫಾಲ್ಟ್ ಮಾಡಿದೆ. ಅಲ್ಲೂ ಬಿತ್ತು. ಈಗ ಅನ್ವಯವೂ ವ್ಯತಿರೇಕವೂ ಸರಿಯಾದ ಜಾಗದಲ್ಲಿ ಕೂತವು. ಆಪಾದನೆಯಿಂದ ಹುಡುಗಿಯ ಹೆಸರು ಕಳಚಿ ಬಿತ್ತು.

ಕಡತಕ್ಕೂ ಪ್ರಿಂಟರಿಗೂ ಸಂಬಂಧವಿಲ್ಲ ಎಂದು ನಾವು ತಿಳಿದಿರುತ್ತೇವೆ. ಸಂಬಂಧ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ. ತನ್ನ ಕಾಲ ಮೇಲೆ ತಾನೇ ನಿಂತಿದೆ ಎಂದು ತೋರುವುದೆಲ್ಲ ಇನ್ನೊಂದನ್ನು ಆಧರಿಸಿ ನಿಂತಿದೆ ಎಂಬುದು ಮಧ್ವಮತದ ಮೂಲ ಮಾತು. ಸ್ವತಂತ್ರ ಒಂದೇ, ಉಳಿದದ್ದೆಲ್ಲ ಪರತಂತ್ರ. ಹೀಗೆ ಆಧಾರವಾಗಿ ನಿಂತವರನ್ನು ಮರೆಯದ ದಾಖಲೆಯೊಂದು ನಮ್ಮೂರಲ್ಲೇ ಇದೆ. ರಾಯಚೂರು ಕೋಟೆಯಲ್ಲಿ ನಲವತ್ತು ಅಡಿಗೂ ಹೆಚ್ಚು ಉದ್ದದ ಕಲ್ಲಿದೆ, ಅದರ ಮೇಲೆ ಕಾಕತೀಯರ ಕಾಲದ 1294ರ ಶಾಸನ. ಕೋಟೆ ಕಟ್ಟಿಸಿದವರ ಕೀರ್ತಿ ಮಾತ್ರವಲ್ಲ, ಅಷ್ಟು ದೊಡ್ಡ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನೂ ಅಲ್ಲಿ ಕೊರೆದಿದ್ದಾರೆ. ದಾಖಲೆಯ ಬಳಿಯಲ್ಲೇ ದಾಖಲೆಯನ್ನು ಹೊತ್ತವರೂ ಇದ್ದಾರೆ. ನಮ್ಮ ಕಾಲದ ದಾಖಲೆಗಳು ಹೊತ್ತವರನ್ನು ತೋರಿಸುವುದಿಲ್ಲ. ವರದಿ ಬಂದಾಗ ಸಂಸ್ಥೆಯ ಹೆಸರಿನಲ್ಲಿ ಬರುತ್ತದೆ. ಬಾರದಿದ್ದಾಗ ಮಾತ್ರ ಆಪರೇಟರಿನ ಹೆಸರು ನೆನಪಾಗುತ್ತದೆ.

ನಾನು ಪರೀಕ್ಷೆ ಮಾಡುತ್ತಿದ್ದಾಗ ಆ ಹುಡುಗಿ ಮೆಲ್ಲಗೆ ಹೇಳಿದ್ದಳು: "ಇರಲಿ ಬಿಡ್ರೀ ಅಣ್ಣಾ, ನನ್ನ ಕರ್ಮ." ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕರ್ಮಸಿದ್ಧಾಂತವನ್ನು ನಾನು ನಂಬುತ್ತೇನೆ. ಹಾಗೆ ನಂಬುವುದರಿಂದಲೇ ಆ ಮಾತನ್ನು ಅಲ್ಲಿ ಒಪ್ಪಲಾರೆ. ಕಾಣುವ ಕಾರಣ ಸಾಧ್ಯವಿರುವ ಕಡೆ ಕಾಣದ ಕಾರಣವನ್ನು ಕಲ್ಪಿಸುವುದು ನ್ಯಾಯವಲ್ಲ ಎಂದು ಮೀಮಾಂಸಕರು ಸ್ಪಷ್ಟವಾಗಿ ಹೇಳಿದ್ದಾರೆ. ವೇದವಿಹಿತ ಕರ್ಮಕ್ಕೆ ಅದೃಷ್ಟ ಫಲವಿದೆ ಎಂದು ವಾದಿಸಲೆಂದೇ ಬಾಳಿದವರು ಅವರು. ಅವರೇ ಈ ಮಿತಿ ಹಾಕಿಕೊಂಡರು. ಪಕ್ಕದ ಕೋಣೆಯಿಂದ ಕಂಪ್ಯೂಟರ್ ಎತ್ತಿಕೊಂಡು ಹೋದದ್ದು ದೃಷ್ಟ ಕಾರಣ. ಅದನ್ನು ಹುಡುಕದೆ ಪೂರ್ವಜನ್ಮಕ್ಕೆ ಹೋದರೆ ಅದು ಭಕ್ತಿ ಅಲ್ಲ. ಬಲವಿದ್ದವರು ಹೊರಿಸಿದ ತಪ್ಪನ್ನು ಬಲವಿಲ್ಲದವರು ದೇವರ ಹೆಸರಿನಲ್ಲಿ ಹೊರುವುದು ಅದು. ಎಲ್ಲವೂ ಹರಿಯ ಅಧೀನ ಎನ್ನುವ ಮತವೇ ಜೀವನಿಗೆ ಕರ್ತೃತ್ವವೂ ಇದೆ, ಅದು ಪರಾಧೀನವಾದರೂ ನಿಜವಾದದ್ದು ಎನ್ನುತ್ತದೆ. ಹಾಗಿದ್ದ ಮೇಲೆ ಯಾರು ಏನು ಮಾಡಿದರು, ಯಾರು ಮಾಡಲಿಲ್ಲ ಎಂದು ತಿಳಿಯುವ ಹೊಣೆಯಿಂದ ಆಸ್ತಿಕನಿಗೆ ಬಿಡುಗಡೆಯಿಲ್ಲ.

ಈಗ ಮೂಲ ಪ್ರಶ್ನೆ. ಕಾರಣ ಸಿಗುವ ಮುನ್ನ, ಏನೂ ಗೊತ್ತಿಲ್ಲದ ಆ ಹೊತ್ತಿನಲ್ಲಿ, ಯಾರ ಮಾತನ್ನು ನಂಬಬೇಕು? ಇಲ್ಲಿ ನಮ್ಮ ದರ್ಶನಗಳು ಎರಡು ದಾರಿಯಾಗುತ್ತವೆ. ತಿಳಿವಳಿಕೆ ಸರಿಯೋ ತಪ್ಪೋ ಎಂಬುದು ಹೊರಗಿನಿಂದ ಗೊತ್ತಾಗಬೇಕು, ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದರೆ ಸರಿ ಎನ್ನುತ್ತಾರೆ ನೈಯಾಯಿಕರು. ದ್ವೈತಿಗಳು ಹಾಗೆನ್ನುವುದಿಲ್ಲ. ಪ್ರಾಮಾಣ್ಯ ಸ್ವತಃ, ಅಪ್ರಾಮಾಣ್ಯ ಪರತಃ. ತಿಳಿವಳಿಕೆ ತನ್ನಷ್ಟಕ್ಕೆ ತಾನೇ ಪ್ರಮಾಣ. ಅದು ತಪ್ಪಾಗಬೇಕಾದರೆ ಹೊರಗಿನಿಂದ ಒಂದು ದೋಷ ಸೇರಬೇಕು. ದ್ವೈತಿಗಳ ಪೈಕಿ ವ್ಯಾಸರಾಯರು 'ತರ್ಕತಾಂಡವ'ದಲ್ಲಿ ನೈಯಾಯಿಕರೊಡನೆ ಈ ವಿಷಯವನ್ನು ವಿಸ್ತಾರವಾಗಿ ವಾದಿಸಿದ್ದಾರೆ. ಮಾತಿಗೂ ಇದೇ ನಿಯಮ. ದೋಷವಿಲ್ಲದ ಶಬ್ದ ಪ್ರಮಾಣ. ನಂಬಿಕೆಗೆ ಕಾರಣ ಕೇಳುವಂತಿಲ್ಲ, ಸಂಶಯಕ್ಕೆ ಕಾರಣ ತೋರಿಸಬೇಕು.

ಹಾಗಾದರೆ ಮಾತಿನ ದೋಷಗಳು ಯಾವುವು? ಶಾಸ್ತ್ರಕಾರರು ನಾಲ್ಕನ್ನು ಎಣಿಸುತ್ತಾರೆ: ತಪ್ಪು ತಿಳಿದಿರುವುದು, ಎಚ್ಚರ ತಪ್ಪುವುದು, ವಂಚಿಸುವ ಬಯಕೆ, ಇಂದ್ರಿಯಗಳ ಅಸಾಮರ್ಥ್ಯ. ಈ ಪಟ್ಟಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ವಯಸ್ಸು ಚಿಕ್ಕದು ಎನ್ನುವುದು ಇದರಲ್ಲಿಲ್ಲ. ಹೆಣ್ಣು ಎನ್ನುವುದಿಲ್ಲ. ಗುತ್ತಿಗೆ ನೌಕರಿ, ಕಡಿಮೆ ಸಂಬಳ, ಹಳ್ಳಿಯಿಂದ ಬಸ್ಸಿಗೆ ಬರುವವಳು ಎನ್ನುವುದೂ ಇಲ್ಲ. ದೇವದುರ್ಗದ ಆ ಕೋಣೆಯಲ್ಲಿ ಅವಳ ಮಾತನ್ನು ತಳ್ಳಿಹಾಕಲು ಇದ್ದ ಕಾರಣಗಳೆಲ್ಲ ಪಟ್ಟಿಯಲ್ಲಿಲ್ಲದ ಈ ಬಗೆಯವೇ.

ಸ್ಥಾನ ನೋಡಿ ಮಾತನ್ನು ತೂಗುವುದರ ಕಥೆ ನಮ್ಮ ಸೀಮೆಯ ದಾಸ ಪರಂಪರೆಯ ನಡುವಿನಲ್ಲೇ ಇದೆ. ಮಾನ್ವಿಯ ಜಗನ್ನಾಥದಾಸರು (1728–1809) ಮೊದಲು ಶ್ರೀನಿವಾಸಾಚಾರ್ಯರು, ಸಂಸ್ಕೃತ ಶಾಸ್ತ್ರದಲ್ಲಿ ಘನ ಪಂಡಿತರು. ಮಾನ್ವಿ ತಾಲ್ಲೂಕಿನದೇ ಚೀಕಲಪರ್ವಿಯ ವಿಜಯದಾಸರು ಕನ್ನಡದಲ್ಲಿ ಹಾಡುವವರು. ಅವರ ಊಟದ ಕರೆಯನ್ನು ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ತಿರಸ್ಕರಿಸಿದರು, ಆ ನೋವು ನಿಜವಾಗಿಯೇ ಅಂಟಿಕೊಂಡಿತು ಎಂದು ಸಂಪ್ರದಾಯ ಹೇಳುತ್ತದೆ. ವಿಜಯದಾಸರು ಅವರನ್ನು ತಮ್ಮ ಶಿಷ್ಯರ ಬಳಿಗೆ ಕಳಿಸಿದರು. ಅವರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು. ತಮ್ಮ ಆಯುಸ್ಸಿನ ನಲವತ್ತು ವರ್ಷಗಳನ್ನು ಅವರು ಶ್ರೀನಿವಾಸಾಚಾರ್ಯರಿಗೆ ದಾನ ಮಾಡಿದರೆಂದು ಭಕ್ತರು ನಂಬುತ್ತಾರೆ. ಆ ಪಂಡಿತರೇ ಮುಂದೆ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ, 'ಹರಿಕಥಾಮೃತಸಾರ' ಬರೆದರು. ಪವಾಡದ ಭಾಗವನ್ನು ಬಿಟ್ಟು ನೋಡಿದರೂ ಕಥೆಯ ತಿರುಳು ಗಟ್ಟಿಯಾಗಿದೆ. ಪ್ರಾಮಾಣ್ಯದ ಶಾಸ್ತ್ರವನ್ನೆಲ್ಲ ಓದಿದವರೂ ಎದುರಿನ ಮನುಷ್ಯ ಮಾತಾಡುವ ಭಾಷೆ ನೋಡಿ ಅವನನ್ನು ಅಳೆದರು. ಮಾತಿನಲ್ಲಿ ದೋಷ ಹುಡುಕಲಿಲ್ಲ, ಆಡಿದವರಲ್ಲಿ ಕೊರತೆ ಹುಡುಕಿದರು. ಗಾಯ ಆದದ್ದು ಅವರಿಗೇ.

ಇದನ್ನು ಒಂದು ಕಚೇರಿಯ ಸಣ್ಣ ಸಂಗತಿ ಎಂದು ಬದಿಗೆ ಸರಿಸುವವರಿಗೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಪ್ರಕರಣ ನೆನಪಿಸುತ್ತೇನೆ. ಫುಜಿತ್ಸು ಕಂಪನಿಯ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶ 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಬಂತು. ಅದು ಇಲ್ಲದ ಕೊರತೆ ತೋರಿಸಿತು. ನಾವು ಹಣ ಮುಟ್ಟಿಲ್ಲ ಎಂದು ಸಣ್ಣ ಊರುಗಳ ಅಂಚೆಯವರು ಗೋಗರೆದರು. ಯಾರೂ ಕೇಳಲಿಲ್ಲ. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು, ಮನೆ ಮಾರಿದರು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕು ಎಂಬ ನಿಯಮವನ್ನು ಆ ದೇಶ 1999ರ ಕಾಯ್ದೆಯಲ್ಲಿ ತೆಗೆದುಹಾಕಿತ್ತು. ಅಂದರೆ ಯಂತ್ರಕ್ಕೆ ಸ್ವತಃ ಪ್ರಾಮಾಣ್ಯ ಕೊಟ್ಟು, ಮನುಷ್ಯರಿಂದ ಅದನ್ನು ಕಿತ್ತುಕೊಂಡರು. ಆ ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಅಲ್ಲಿನ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. 2021ರ ಏಪ್ರಿಲ್‌ನಲ್ಲಿ 39 ಜನರ ಶಿಕ್ಷೆ ಒಟ್ಟಿಗೆ ರದ್ದಾಯಿತು, 2024ರಲ್ಲಿ ಉಳಿದವರಿಗಾಗಿ ಕಾಯ್ದೆಯೇ ಬೇಕಾಯಿತು. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಕಂಪ್ಯೂಟರ್ ದಾಖಲೆಯ ಜೊತೆಗೆ ಪ್ರಮಾಣಪತ್ರವನ್ನೂ ಕೇಳುತ್ತದೆ. ಯಂತ್ರದ ಬಗ್ಗೆ ಒಬ್ಬ ಮನುಷ್ಯ ಸಹಿ ಹಾಕಿ ಹೊಣೆ ಹೊರಬೇಕು. ನಾನು ಇದನ್ನು ಬರಿಯ ಕಾಗದದ ಕೆಲಸ ಎಂದು ನೋಡುವುದಿಲ್ಲ.

ಮಧ್ವಸಿದ್ಧಾಂತದಲ್ಲಿ ತಿಳಿವಳಿಕೆಯನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಸಾಕ್ಷಿ, ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ. ಕಣ್ಣು, ಕಿವಿ, ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪುವುದಿಲ್ಲ. ಯಂತ್ರಕ್ಕೆ ಸಾಕ್ಷಿ ಇಲ್ಲ. ಅದು ಕಣ್ಣಿಗೂ ಕೈಗೂ ಒದಗಿದ ಉಪಕರಣ, ಹೆಚ್ಚೆಂದರೆ ಒಳ್ಳೆಯ ಉಪಕರಣ. ಮನುಷ್ಯನ ಮಾತೂ ಯಂತ್ರದ ಪರದೆಯೂ ಒಂದನ್ನೊಂದು ಅಲ್ಲಗಳೆದಾಗ, ದೋಷ ಹುಡುಕುವ ಕೆಲಸ ಯಂತ್ರದಿಂದ ಶುರುವಾಗಬೇಕು ಎನ್ನಲು ಇದಕ್ಕಿಂತ ಗಟ್ಟಿ ಆಧಾರ ನನಗೆ ಬೇಡ.

ಜನ ಸುಳ್ಳು ಹೇಳುವುದಿಲ್ಲವೇ ಎಂದು ಕೇಳಬಹುದು. ಹೇಳುತ್ತಾರೆ. ಕಡತ ಅಳಿಸಿ ಅಳಿಸಿಲ್ಲ ಎಂದವರನ್ನು ಕಂಡಿದ್ದೇನೆ. ಹೆದರಿಕೆಯಿಂದ ಹೇಳಿದವರೇ ಹೆಚ್ಚು. ನಾನು ಹೇಳುತ್ತಿರುವ ನಿಯಮ ಅವರಿಗೂ ಅನ್ವಯಿಸುತ್ತದೆ. ದೋಷ ಕಂಡ ದಿನ ಮಾತು ಬೀಳುತ್ತದೆ, ಬೀಳಬೇಕು. ಆದರೆ ಆ ದೋಷವನ್ನು ತೋರಿಸುವ ಭಾರ ಸಂಶಯಿಸಿದವನದು. ನಂಬಿ ಹುಡುಕಿದರೆ ಸುಳ್ಳೂ ಸಿಗುತ್ತದೆ. ಸಂಶಯಿಸಿ ಕೂತವನಿಗೆ ಹುಡುಕುವ ಅಗತ್ಯವೇ ತೋರುವುದಿಲ್ಲ, ಅವನಿಗೆ ಉತ್ತರ ಮೊದಲೇ ಸಿಕ್ಕಿರುತ್ತದೆ. ದೇವದುರ್ಗದಲ್ಲಿ ಅವಳೇ ಕಾರಣ ಎಂದುಕೊಂಡವರು ಯಾರೂ ಡಿಫಾಲ್ಟ್ ಪ್ರಿಂಟರ್ ಯಾವುದೆಂದು ನೋಡಿರಲಿಲ್ಲ.

ವರದಿ ಬಂದ ಮೇಲೆ ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ ಅಂದರು: "ಆತು ಬಿಡವ್ವಾ, ನೀ ಹೇಳಿದ್ದು ಖರೇ ಅಂತ ಈಗ ಸಾಬೀತಾತು." ಅವಳಿಗೆ ನೆಮ್ಮದಿಯಾಯಿತು, ನನಗೂ ಆಯಿತು. ಆದರೂ ಆ ಮಾತನ್ನು ತಿದ್ದಬೇಕು. ಪರೀಕ್ಷೆ ಯಾವ ಮಾತನ್ನೂ ಸತ್ಯ ಮಾಡುವುದಿಲ್ಲ, ಎದ್ದ ಸಂಶಯವನ್ನು ಮಾತ್ರ ಕಳೆಯುತ್ತದೆ ಎಂಬುದು ದ್ವೈತಿಗಳ ನಿಲುವು. ಅವಳು ಹೇಳಿದ್ದು ನಾನು ಕಂಪ್ಯೂಟರ್ ಮುಟ್ಟುವ ಮುನ್ನವೂ ನಿಜವಾಗಿತ್ತು. ಕಾರಣ ನನಗೆ ಸಿಗದೆ ಹೋಗಿದ್ದರೂ ನಿಜವಾಗಿಯೇ ಇರುತ್ತಿತ್ತು. ಎಷ್ಟೋ ಕಚೇರಿಗಳಲ್ಲಿ ಕಾರಣ ಸಿಗುವುದಿಲ್ಲ, ಹುಡುಕುವವರೂ ಬರುವುದಿಲ್ಲ. ಅಲ್ಲಿ ಆಪಾದನೆ ಹೊತ್ತು ಕೂತವರ ಮಾತಿಗೂ ಇದೇ ಬೆಲೆ ಸಲ್ಲಬೇಕು. ಹಾಗಾಗಿ ಎಲ್ಲಿಗೆ ಕರೆ ಬಂದರೂ ನಾನು ಮೊದಲು ಕೀಬೋರ್ಡ್ ಮುಂದಿದ್ದವರನ್ನು ಕೂರಿಸಿ, ಏನು ಒತ್ತಿದಿರಿ, ಪರದೆಯ ಮೇಲೆ ಏನು ಕಂಡಿತು, ನಿನ್ನೆಗೂ ಇವತ್ತಿಗೂ ಈ ಕೋಣೆಯಲ್ಲಿ ಏನು ಬದಲಾಗಿದೆ ಎಂದು ಕೇಳುತ್ತೇನೆ. ಅವರು ಹೇಳಿದ್ದನ್ನು ನಿಜವೆಂದು ಬರೆದುಕೊಂಡೇ ಯಂತ್ರವನ್ನು ಪರೀಕ್ಷೆಗೆ ಒಡ್ಡುತ್ತೇನೆ. ಯಂತ್ರಗಳ ಮೇಲೆ ಲೆಕ್ಕ, ಪಡಿತರ, ಪಿಂಚಣಿ, ಹಾಜರಿ ಎಲ್ಲವನ್ನೂ ಇಟ್ಟಿರುವ ಈ ಕಾಲದಲ್ಲಿ ಇದು ನಮ್ಮೆಲ್ಲರ ಆಚಾರವಾಗಬೇಕು: ಸಂಶಯಪಡುವವನು ಕಾರಣ ತೋರಿಸಲಿ, ಅಲ್ಲಿಯ ತನಕ ಮನುಷ್ಯನ ಮಾತೇ ಪ್ರಮಾಣ.